ಕಳೇಬರದ ಮೇಲಣ ಹಕ್ಕು: ಕಂಪಿಲಿಯಿಂದ ದೋಣಿಮಲೈವರೆಗೆ

ಪರದೇಶದಲ್ಲಿ ತೀರಿಕೊಂಡ ಬಂಧುವಿನ ಕಳೇಬರವನ್ನು ಸ್ವಂತ ಊರಿಗೆ ತರಿಸಿಕೊಳ್ಳುವ ಕಾರ್ಯವನ್ನು ನಾವು ಸಾಮಾನ್ಯವಾಗಿ ಇತಿಹಾಸದ ವಿಷಯವೆಂದು ಎಣಿಸುವುದಿಲ್ಲ. ಅದು ಒಂದು ಮನೆಯ ದುಃಖ, ಕೆಲವು ಕಚೇರಿಗಳ ವ್ಯವಹಾರ, ಕೆಲವು ದಿನಗಳ ಅಥವಾ ವಾರಗಳ ಅಲೆದಾಟ. ಅದು ಮುಗಿದೊಡನೆ ಕಾಗದಪತ್ರಗಳು ಪೆಟ್ಟಿಗೆಯನ್ನು ಸೇರುತ್ತವೆ. ಮನೆಯವರು ಅವನ್ನು ಮತ್ತೆ ತೆರೆದು ನೋಡಲು ಇಚ್ಛಿಸುವುದಿಲ್ಲ. ಆದರೆ ದೂರದಲ್ಲಿ ಸತ್ತವನ ದೇಹವು ಯಾರಿಗೆ ಸೇರಿದುದು, ಅದನ್ನು ಎಲ್ಲಿ ಮಣ್ಣುಮಾಡಬೇಕೆಂದು ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆ ಬಹಳ ಹಳೆಯದು. ತುಂಗಭದ್ರೆಯ ದಡದ ಕಂಪ್ಲಿ, ಹಂಪೆ, ಹೊಸಪೇಟೆಗಳಿಂದ ಸಂಡೂರಿನ ಬೆಟ್ಟಗಳವರೆಗೆ ಹಬ್ಬಿರುವ ಈ ಸೀಮೆಯಲ್ಲಿ ಆ ಪ್ರಶ್ನೆಗೆ ಸುಮಾರು ಏಳುನೂರು ವರ್ಷಗಳ ಚರಿತ್ರೆಯಿದೆ. ಅದರ ಮುಖ್ಯ ಘಟ್ಟಗಳನ್ನು ಸ್ಥೂಲವಾಗಿ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸಂಡೂರು ತಾಲ್ಲೂಕಿನ ದೋಣಿಮಲೈಯನ್ನು ಈ ಸಮೀಕ್ಷೆಯ ಕೊನೆಯ ನೆಲೆಯಾಗಿ ಆರಿಸಿಕೊಂಡುದಕ್ಕೆ ಕಾರಣವುಂಟು. ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಕಬ್ಬಿಣದ ಅದಿರಿನ ಗಣಿ ಇಲ್ಲಿ 1977ರಲ್ಲಿ ಕೆಲಸವನ್ನಾರಂಭಿಸಿತು; ಅದರ ಸುತ್ತ ದುಡಿಮೆಯ ಊರೊಂದು ಬೆಳೆಯಿತು. ಇಂಥ ಊರಿಗೆ ಜನರು ಬೇರೆ ಬೇರೆ ಕಡೆಗಳಿಂದ ಬಂದು ನೆಲೆಸುತ್ತಾರೆ. ಕೆಲಸ ಕುಗ್ಗಿದಾಗ ಇಲ್ಲಿಂದ ಹೊರಡುತ್ತಾರೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ಬಹುಮಟ್ಟಿಗೆ ನಿಂತಿತು. ಗುತ್ತಿಗೆಯ ವಿವಾದದಿಂದಾಗಿ ದೋಣಿಮಲೈ ಗಣಿಯೇ 2018ರ ನವೆಂಬರಿನಿಂದ 2021ರ ಫೆಬ್ರವರಿಯವರೆಗೆ ಸ್ತಬ್ಧವಾಗಿದ್ದಿತು. ಹೊಟ್ಟೆಪಾಡಿಗಾಗಿ ಊರು ಬಿಡುವುದು ಎಲ್ಲಿ ಸಹಜವೋ ಅಲ್ಲಿ ಊರಿನಿಂದ ದೂರದಲ್ಲಿ ಸಾಯುವುದೂ ಅಪರೂಪವಲ್ಲ.

1. ಗೆದ್ದವನ ವಶದಲ್ಲಿದ್ದ ದೇಹ

ಕ್ರಿ. ಶ. 1326-27ರ ಸುಮಾರಿಗೆ ದಿಲ್ಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾಉದ್ದೀನ್ ಗುರ್ಷಾಸ್ಪನು ಸೋತು ಓಡಿಬಂದು ಕಂಪಿಲಿಯ ಅರಸನ ಆಶ್ರಯವನ್ನು ಬೇಡಿದನು. ಕಂಪಿಲರಾಯನು ಶರಣಾಗತನನ್ನು ಒಪ್ಪಿಸಿಕೊಡಲಿಲ್ಲ. ಅವನನ್ನು ಹೊಯ್ಸಳ ದೊರೆಯ ಬಳಿಗೆ ಕಳುಹಿಸಿ, ತಾನು ಹೋರಾಡಿ ಮಡಿದನು. ಅಂತಃಪುರದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದರು. ಹೊಯ್ಸಳ ದೊರೆ ಗುರ್ಷಾಸ್ಪನನ್ನು ದಿಲ್ಲಿಯವರಿಗೆ ಒಪ್ಪಿಸಿದನು. ಸುಲ್ತಾನನು ಅವನ ಚರ್ಮವನ್ನು ಸುಲಿಸಿ, ಹುಲ್ಲು ತುಂಬಿಸಿ, ಪ್ರಾಂತ ಪ್ರಾಂತಗಳಲ್ಲಿ ಮೆರೆಸಿದುದನ್ನು ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತನು ವಿವರಿಸಿದ್ದಾನೆ.

ಇಷ್ಟು ಭಾಗವನ್ನು ನಮ್ಮ ಇತಿಹಾಸಕಾರರು ಮತ್ತೆ ಮತ್ತೆ ಬರೆದಿದ್ದಾರೆ. ಇಬ್ನ್ ಬತೂತನು ಇದಕ್ಕೆ ಸೇರಿಸುವ ಮುಂದಿನ ಸಂಗತಿಯು ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ. ಆ ಅವಶೇಷಗಳು ಸಿಂಧ್ ಪ್ರಾಂತವನ್ನು ತಲುಪಿದಾಗ ಅಲ್ಲಿಯ ಅಧಿಕಾರಿ ಕಿಶ್ಲೂಖಾನನು ಅವನ್ನು ಮೆರವಣಿಗೆ ಮಾಡಿಸುವುದರ ಬದಲು ಮಣ್ಣುಮಾಡಿಸಿದನು. ಸುಲ್ತಾನನಿಗೆ ಇದು ಅಪರಾಧವಾಗಿ ಕಂಡಿತು. ಅವರಿಬ್ಬರ ವೈರಕ್ಕೂ, ಅನಂತರದ ಕಿಶ್ಲೂಖಾನನ ದಂಗೆ ಮತ್ತು ಮರಣಕ್ಕೂ ಇದೇ ಮೂಲವೆಂದು ಪ್ರವಾಸಿಯು ಹೇಳುತ್ತಾನೆ. ಕಂಪಿಲಿಯ ಅರಸನು ಜೀವಂತ ಮನುಷ್ಯನಿಗೆ ಕೊಟ್ಟ ಆಶ್ರಯವನ್ನು, ನೂರಾರು ಹರದಾರಿ ಆಚೆಯ ಮತ್ತೊಬ್ಬನು ಅವನ ಕಳೇಬರಕ್ಕೆ ಕೊಟ್ಟನು. ಇಬ್ಬರೂ ಅದಕ್ಕೆ ಪ್ರಾಣವನ್ನೇ ತೆತ್ತರು. ಸತ್ತವನನ್ನು ಹೂಳುವುದು ರಾಜದ್ರೋಹವಾಗಬಹುದಾಗಿದ್ದ ಕಾಲವದು.

ಕಂಪಿಲರಾಯನ ಮಗ ಕುಮಾರರಾಮನ ಶಿರಸ್ಸನ್ನು ದಿಲ್ಲಿಗೆ ಒಯ್ದರೆಂದು ಅವನ ಕುರಿತಾದ ಕಾವ್ಯಗಳೂ ಜನಪದ ಕಥನಗಳೂ ಹೇಳುತ್ತವೆ. ಇದರ ಐತಿಹಾಸಿಕತೆ ಏನೇ ಇರಲಿ, ಮಲೆನಾಡಿನ ಕೆಲವು ಹಳ್ಳಿಗಳಲ್ಲಿ ಮರದಲ್ಲಿ ಕಡೆದ ಕುಮಾರರಾಮನ ತಲೆಯನ್ನು ಪೂಜಿಸುವ ಪದ್ಧತಿಯು ಉಳಿದುಬಂದಿದೆ. ದೂರ ಹೋದ ತಲೆಯ ಕಥೆಯನ್ನು ಕೇಳಿದ ಜನ ತಮ್ಮ ನಡುವೆ ಮರದ ತಲೆಯನ್ನು ಇರಿಸಿಕೊಂಡರು.

1565ರ ಜನವರಿ 23ರಂದು ನಡೆದ ತಾಳಿಕೋಟೆಯ ಯುದ್ಧದಲ್ಲಿ ಸೆರೆಸಿಕ್ಕ ಅಳಿಯ ರಾಮರಾಯನ ತಲೆಯನ್ನು ಕಡಿಸಿ, ಈಟಿಯ ತುದಿಗೆ ಸಿಕ್ಕಿಸಿ, ವಿಜಯನಗರದ ಸೈನ್ಯಕ್ಕೆ ತೋರಿಸಲಾಯಿತು. ಸೈನ್ಯವು ಚೆದುರಿತು, ತಮ್ಮನಾದ ತಿರುಮಲನು ಸದಾಶಿವರಾಯನನ್ನೂ ಭಂಡಾರವನ್ನೂ ತೆಗೆದುಕೊಂಡು ಪೆನುಗೊಂಡೆಯ ಕಡೆಗೆ ಹೊರಟುಹೋದನು. ಹಂಪೆಯ ಅರಮನೆಗೆ ಆ ತಲೆ ಮರಳಲಿಲ್ಲ. ಫೆರಿಷ್ತನ ಗ್ರಂಥವನ್ನು 1829ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿ ಪ್ರಕಟಿಸಿದ ಜಾನ್ ಬ್ರಿಗ್ಸನು, ಎಣ್ಣೆಯನ್ನೂ ಕೆಂಪು ಬಣ್ಣವನ್ನೂ ಬಳಿದ ಆ ತಲೆಯನ್ನು ಅಹಮದ್‌ನಗರದಲ್ಲಿ ಯುದ್ಧದ ವಾರ್ಷಿಕ ದಿನದಂದು ಪ್ರದರ್ಶಿಸುತ್ತಿದ್ದುದಾಗಿ ಟಿಪ್ಪಣಿ ಬರೆದಿದ್ದಾನೆ. ಎರಡೂವರೆ ಶತಮಾನಗಳ ಕಾಲ ಒಬ್ಬ ಮನುಷ್ಯನ ತಲೆಯು ಅಂತ್ಯಸಂಸ್ಕಾರವಿಲ್ಲದೆ ವಿಜಯದ ಗುರುತಾಗಿ ಉಳಿದಿದ್ದಿತು.

ಸಂಡೂರಿನ ಸಮೀಪದ ಇತಿಹಾಸವೂ ಇದಕ್ಕೆ ಹೊರತಲ್ಲ. ಗುತ್ತಿಯ ಮುರಾರಿರಾವ್ ಘೋರ್ಪಡೆಯು 1776ರಲ್ಲಿ ಹೈದರಾಲಿಗೆ ಸೆರೆಸಿಕ್ಕು, ಕಬ್ಬಾಳದುರ್ಗದ ಸೆರೆಯಲ್ಲಿಯೇ ಸತ್ತನು. ಸೆರೆಯಾಳಿನ ಜೀವದಂತೆ ಅವನ ಕಳೇಬರವೂ ಗೆದ್ದವನ ಸ್ವತ್ತೇ ಆಗಿದ್ದಿತು.

2. ದೇಹವಿಲ್ಲದ ಮನೆಯ ಉಪಾಯಗಳು

ದೇಹವು ದೊರೆಯದೆ ಹೋದಾಗ ಮನೆಯವರು ಏನು ಮಾಡಬೇಕು? ಈ ಪ್ರಶ್ನೆಗೆ ಧರ್ಮಶಾಸ್ತ್ರಕಾರರು ಪಾಲಾಶವಿಧಿಯನ್ನು ಹೇಳಿದರು. ಮುತ್ತುಗದ 360 ಎಲೆದೊಟ್ಟುಗಳಿಂದ ಮನುಷ್ಯಾಕೃತಿಯನ್ನು ಮಾಡಿ, ತಲೆಗೆ ಇಷ್ಟು, ಎದೆಗೆ ಇಷ್ಟು, ಕೈಕಾಲುಗಳಿಗೆ ಇಷ್ಟು ಎಂದು ಲೆಕ್ಕವಿರಿಸಿ, ಅದನ್ನೇ ದೇಹವೆಂದು ಭಾವಿಸಿ ದಹಿಸುವುದು ಆ ವಿಧಿಯ ಕ್ರಮ. ಪರದೇಶದಲ್ಲಿ ಮರಣವು ಆಗುವಂಥದೇ ಎಂದು ಶಾಸ್ತ್ರವು ಒಪ್ಪಿಕೊಂಡಿದ್ದಿತು. ಇಲ್ಲವಾದರೆ ಇಷ್ಟು ಸೂಕ್ಷ್ಮವಾದ ವಿಧಿಯ ಅಗತ್ಯವೇ ಇರುತ್ತಿರಲಿಲ್ಲ.

ಸಾಮಾನ್ಯ ಜನರ ನಡುವೆ ಬೆಳೆದ ಉಪಾಯವು ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೊಯ್ಯುವುದು, ಮೇಲಿನ ಪಟ್ಟಿಕೆಯಲ್ಲಿ ಶಿವಸಾನ್ನಿಧ್ಯ, ಇದು ಅದರ ಪ್ರಸಿದ್ಧ ರಚನೆ. ವೀರಗಲ್ಲನ್ನು ನಾವು ಶೌರ್ಯದ ಸ್ಮಾರಕವೆಂದಷ್ಟೇ ಓದುತ್ತೇವೆ. ಮಡಿದವನ ಹೆಸರನ್ನೂ ಅವನು ಮಡಿದ ಕಾರಣವನ್ನೂ ಊರಿನವರ ಕಣ್ಣೆದುರಿಗೆ ನಿಲ್ಲಿಸುವ ದಾಖಲೆಯೂ ಅದು ಎಂಬುದನ್ನು ಮರೆಯಲಾಗದು. ಈ ದಾಖಲೆಯ ಅಂಶಕ್ಕೆ ಲೇಖನದ ಕೊನೆಯಲ್ಲಿ ಮತ್ತೆ ಬರುತ್ತೇವೆ.

3. ಪದವಿಯ ಬಲದಿಂದ ಮರಳಿದವರು

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಶ್ನೆಯ ಸ್ವರೂಪವು ಬದಲಾಗುತ್ತದೆ. ಬಳ್ಳಾರಿಯನ್ನೊಳಗೊಂಡ ದತ್ತಮಂಡಲಗಳ ಪ್ರಧಾನ ಕಲೆಕ್ಟರನಾಗಿ 1800ರಿಂದ 1807ರವರೆಗೆ ಆಳಿದ ಥಾಮಸ್ ಮನ್ರೋ, ಮದರಾಸಿನ ಗವರ್ನರನಾಗಿ ಇದೇ ಸೀಮೆಯಲ್ಲಿ ಪ್ರವಾಸ ಮಾಡುತ್ತಿದ್ದಾಗ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ಮೃತನಾದನು. ಬೇಸಗೆಯ ನಾಡಿನಲ್ಲಿ ಶವವನ್ನು ದೂರ ಒಯ್ಯಲು ಉಪಾಯವಿರಲಿಲ್ಲ, ಗುತ್ತಿಯಲ್ಲಿ ಹೂಳಿದರು. 1831ರಲ್ಲಿ ಅವಶೇಷಗಳನ್ನು ಹೊರತೆಗೆದು ಮದರಾಸಿನ ಕೋಟೆಯೊಳಗಣ ಸಂತ ಮೇರಿಯ ಚರ್ಚಿನಲ್ಲಿ ಮತ್ತೆ ಸಮಾಧಿ ಮಾಡಿದರು. ನಾಲ್ಕು ವರ್ಷಗಳ ಬಳಿಕವೂ ದೇಹವನ್ನು ಸಾಗಿಸಲು ಸಾಧ್ಯವಾದುದು ಅವನ ಪದವಿಯ ಬಲದಿಂದ.

ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ವೃತ್ತಾಂತವು ಇನ್ನೂ ಗಂಭೀರವಾದುದು. 1834ರಲ್ಲಿ ಪದಚ್ಯುತನಾಗಿ, ಕಾಶಿಯಲ್ಲಿ ಬಹುಕಾಲ ಕಳೆದು, ಈಸ್ಟ್ ಇಂಡಿಯಾ ಕಂಪನಿಯಿಂದ ತನ್ನ ಹಣವನ್ನು ಪಡೆಯಲು 1852ರಲ್ಲಿ ಇಂಗ್ಲೆಂಡಿಗೆ ಹೋದ ಆತನು 1859ರ ಸೆಪ್ಟೆಂಬರ್ 24ರಂದು ಲಂಡನ್ನಿನಲ್ಲಿ ತೀರಿಕೊಂಡನು. ಮೊದಲು ಅಲ್ಲಿಯ ಕೆನ್ಸಾಲ್ ಗ್ರೀನ್ ರುದ್ರಭೂಮಿಯಲ್ಲಿ ಇರಿಸಿದ್ದ ಅವಶೇಷಗಳು ಅನಂತರ ಭಾರತಕ್ಕೆ ಬಂದು ಕಾಶಿಯ ಜಂಗಮವಾಡಿ ಮಠದಲ್ಲಿ ಸಮಾಧಿಯನ್ನು ಪಡೆದುವು. ಅವು ಬಂದುದು ಮಡಿಕೇರಿಗಲ್ಲ ಎಂಬುದು ವಿಚಾರಾರ್ಹ. ರಾಜ್ಯವು ಅವನನ್ನು ಮರಳಿ ಸ್ವೀಕರಿಸುವಂತಿರಲಿಲ್ಲ. ಅವನ ಧರ್ಮದ ಮಠವು ಸ್ವೀಕರಿಸಿತು. ಆದುದರಿಂದ ಸತ್ತವನು ಮರಳುವ ಊರೆಂದರೆ ಹುಟ್ಟಿದ ಊರೇ ಆಗಬೇಕೆಂದಿಲ್ಲ. ಅವನನ್ನು ತಮ್ಮವನೆಂದು ಒಪ್ಪಿಕೊಂಡು ವಿಧಿಯನ್ನು ನಡೆಸುವವರು ಎಲ್ಲಿರುವರೋ ಅದೇ ಊರು. ಅವನ ಮಗಳು ಗೌರಮ್ಮ ಕ್ರೈಸ್ತಮತಕ್ಕೆ ಸೇರಿದ್ದವಳು, 1864ರಲ್ಲಿ ತೀರಿಕೊಂಡು ಲಂಡನ್ನಿನ ಬ್ರಾಂಪ್ಟನ್ ರುದ್ರಭೂಮಿಯಲ್ಲಿಯೇ ಉಳಿದಳು.

ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು 1894ರ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿ ಗಳಚರ್ಮ ರೋಗದಿಂದ ನಿಧನರಾದಾಗ ರೈಲುಮಾರ್ಗವಿದ್ದಿತು, ಸಂಪತ್ತಿದ್ದಿತು, ಅಧಿಕಾರವಿದ್ದಿತು. ಆದರೂ ದಹನಸಂಸ್ಕಾರವು ಅಲ್ಲಿಯೇ ನಡೆಯಿತು. ಕಾಳೀಘಾಟಿನ ಸಮೀಪ ಅವರ ಸ್ಮಾರಕವು ನಿಂತಿತು. ವಿಧಿಯು ಕಾಲಕ್ಕೆ ಸರಿಯಾಗಿ ನಡೆಯಬೇಕೆಂಬುದು ದೇಹವು ಊರಿಗೆ ಬರಬೇಕೆಂಬುದಕ್ಕಿಂತ ಹಿರಿದಾಗಬಹುದೆಂಬುದಕ್ಕೆ ಇದು ನಿದರ್ಶನ.

ಮೊದಲನೆಯ ಮಹಾಯುದ್ಧದಲ್ಲಿ ಬೇರೊಂದು ತತ್ತ್ವವು ರೂಪುಗೊಂಡಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಹಿಡಿದ ಅಶ್ವದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು. 1917ರಲ್ಲಿ ಸ್ಥಾಪಿತವಾದ ಸಾಮ್ರಾಜ್ಯದ ಯುದ್ಧಸಮಾಧಿ ಆಯೋಗವು ಮಡಿದವರನ್ನು ಅವರವರ ಊರಿಗೆ ಸಾಗಿಸಬಾರದೆಂಬ ನಿಯಮವನ್ನು ಎತ್ತಿಹಿಡಿಯಿತು. ಸಾಗಿಸಲು ಬಿಟ್ಟರೆ ಸಿರಿವಂತರ ಮಕ್ಕಳು ಮಾತ್ರ ಮನೆಗೆ ಮರಳುವರು, ಬಡವರ ಮಕ್ಕಳು ಅಲ್ಲಿಯೇ ಉಳಿಯುವರು ಎಂಬುದು ಅದರ ವಾದ. ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕವು ಹೀಗೆ ಮರಳದವರ ಪರವಾಗಿ ನಿಂತಿರುವ ಕಲ್ಲು. ಇಲ್ಲಿ ಸಮಾನತೆಯನ್ನು ಸಾಧಿಸಿದುದು ಎಲ್ಲರನ್ನೂ ತರುವುದರಿಂದಲ್ಲ, ಯಾರನ್ನೂ ತರದಿರುವುದರಿಂದ. ಮನೆಯವರ ಹಕ್ಕು ಇನ್ನೂ ಮಾನ್ಯವಾಗಿರಲಿಲ್ಲ.

4. ಕಾಗದದ ಕಾಲ

ಆ ಹಕ್ಕು ಮಾನ್ಯವಾದುದು ಈಚಿನ ಕಾಲದಲ್ಲಿ. ವಿಮಾನಯಾನ ಮತ್ತು ಶವವನ್ನು ಕೆಡದಂತೆ ಇರಿಸುವ ಎಂಬಾಮಿಂಗ್ ವಿದ್ಯೆ ಅದನ್ನು ಸಾಧ್ಯವಾಗಿಸಿದುವು. ದೋಣಿಮಲೈಯಂಥ ಊರಿನಿಂದ ಕೊಲ್ಲಿ ರಾಷ್ಟ್ರವೊಂದಕ್ಕೆ ದುಡಿಯಲು ಹೋದವನೊಬ್ಬನು ಅಲ್ಲಿ ಮೃತನಾದನೆಂದು ಭಾವಿಸೋಣ. ಮೊದಲು ಆಸ್ಪತ್ರೆಯ ವರದಿ ಅಥವಾ ಮರಣಪತ್ರ ಬೇಕು. ಅಪಘಾತವೋ ಅಸಹಜ ಮರಣವೋ ಆಗಿದ್ದರೆ ಪೊಲೀಸರ ವರದಿಯೂ ಅದರ ಇಂಗ್ಲಿಷ್ ಅನುವಾದವೂ ಬೇಕು. ತನಿಖೆ ಮುಗಿಯುವವರೆಗೆ ಶವವನ್ನು ಬಿಟ್ಟುಕೊಡುವುದಿಲ್ಲ. ಮೃತನ ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ಪ್ರತಿ ಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ, ಊರಿನಲ್ಲಿರುವ ಅತಿ ಹತ್ತಿರದ ಬಂಧುವು ನೋಟರಿಯ ಮುಂದೆ ದೃಢೀಕರಿಸಿದ ಒಪ್ಪಿಗೆಪತ್ರವನ್ನು ಕಳುಹಿಸಬೇಕು. ಕಳೇಬರವನ್ನು ಊರಿಗೆ ಕಳುಹಿಸಬೇಕೆ, ಅಲ್ಲಿಯೇ ಅಂತ್ಯಸಂಸ್ಕಾರ ನಡೆಸಬೇಕೆ ಎಂಬುದನ್ನು ಆ ಪತ್ರವು ಹೇಳುತ್ತದೆ.

ಚರಿತ್ರೆಯ ದೃಷ್ಟಿಯಿಂದ ಈ ಒಪ್ಪಿಗೆಪತ್ರವೇ ಅತ್ಯಂತ ಮಹತ್ತ್ವದ ದಾಖಲೆ. ಸುಲ್ತಾನನಾಗಲಿ ಗವರ್ನರನಾಗಲಿ ಯುದ್ಧಸಮಾಧಿ ಆಯೋಗವಾಗಲಿ ಕೇಳದಿದ್ದ ಮಾತನ್ನು ಅದು ಒಬ್ಬ ಹೆಂಡತಿಯನ್ನೋ ತಾಯಿಯನ್ನೋ ಕೇಳುತ್ತದೆ. ಉತ್ತರವು ಎಲ್ಲರದೂ ಒಂದೇ ಆಗಿರುವುದಿಲ್ಲ. ಸತ್ತಲ್ಲಿಯೇ ಬೇಗ ದಫನ್ ಮಾಡುವುದು ಶ್ರೇಯಸ್ಕರವೆಂದು ಅನೇಕ ಮುಸಲ್ಮಾನ ಕುಟುಂಬಗಳು ಭಾವಿಸುತ್ತವೆ. ಹಜ್ ಯಾತ್ರೆಯಲ್ಲಿ ತೀರಿಕೊಂಡವರನ್ನು ಅಲ್ಲಿಯೇ ಮಣ್ಣುಮಾಡುವುದು ರೂಢಿ. ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವ ಲಿಂಗಾಯತ ಮನೆಗೆ, ಮಲಗಿಸಿ ಮುದ್ರೆಯೊತ್ತಿದ ಪೆಟ್ಟಿಗೆಯು ಬಂದಾಗ ವಿಧಿಯನ್ನು ಹೇಗೆ ನಡೆಸಬೇಕೆಂಬ ಪ್ರಶ್ನೆ ಏಳುತ್ತದೆ. ದಹನದ ಸಂಪ್ರದಾಯದವರಿಗೆ ಅಸ್ಥಿಯನ್ನು ಮಾತ್ರ ತರಿಸಿಕೊಳ್ಳುವ ದಾರಿಯೂ ಉಂಟು.

ಒಪ್ಪಿಗೆಯು ತಲುಪಿದ ಮೇಲೆ ಭಾರತದ ರಾಯಭಾರ ಕಚೇರಿಯು ಮರಣವನ್ನು ನೋಂದಾಯಿಸಿ, ಪಾಸ್‌ಪೋರ್ಟನ್ನು ರದ್ದುಗೊಳಿಸಿ, ನಿರಾಕ್ಷೇಪಣಾ ಪತ್ರವನ್ನು ನೀಡುತ್ತದೆ. ಎಂಬಾಮಿಂಗ್ ಪ್ರಮಾಣಪತ್ರವೂ, ಪೆಟ್ಟಿಗೆಗೆ ಮುದ್ರೆಯೊತ್ತಿದ ಪ್ರಮಾಣಪತ್ರವೂ ಸಿದ್ಧವಾದ ಮೇಲೆ ಕಳೇಬರವು ವಿಮಾನದ ಸರಕಿನ ವಿಭಾಗದಲ್ಲಿ, ಸರಕಿನ ರಸೀತಿಯೊಡನೆ ಪ್ರಯಾಣ ಮಾಡುತ್ತದೆ. ಇಲ್ಲಿ ಇಳಿಸಿಕೊಳ್ಳಲು 1954ರ ವಿಮಾನ ಸಾರ್ವಜನಿಕ ಆರೋಗ್ಯ ನಿಯಮಗಳಿಗನುಸಾರವಾಗಿ ವಿಮಾನನಿಲ್ದಾಣದ ಆರೋಗ್ಯಾಧಿಕಾರಿಯ ಅನುಮತಿ ಬೇಕು. 2023ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಇದಕ್ಕಾಗಿ 'ಇ-ಕೇರ್' ಎಂಬ ಅಂತರ್ಜಾಲ ವ್ಯವಸ್ಥೆಯನ್ನು ಆರಂಭಿಸಿತು. ಆಮೇಲೆ ಬೆಂಗಳೂರಿನಿಂದ ದೋಣಿಮಲೈವರೆಗೆ ಸುಮಾರು 300 ಕಿಲೋಮೀಟರುಗಳ ರಸ್ತೆಯ ದಾರಿ.

ವೆಚ್ಚದ ಪ್ರಶ್ನೆಗೂ ಸರ್ಕಾರವು ಕ್ರಮೇಣ ಉತ್ತರವನ್ನು ರೂಪಿಸಿದೆ. 2003ರಲ್ಲಿ ಪ್ರವಾಸಿ ಭಾರತೀಯ ಬಿಮಾ ಯೋಜನೆಯು ಆರಂಭವಾಯಿತು. 2017ರ ಪರಿಷ್ಕರಣದಂತೆ ಅಪಘಾತದ ಮರಣಕ್ಕೆ 10 ಲಕ್ಷ ರೂಪಾಯಿಗಳ ವಿಮೆಯುಂಟು. ವಲಸೆಯ ಅನುಮತಿ ಪಡೆದು ಹೋಗಬೇಕಾದ ಕೆಲಸಗಾರರಿಗೆ ಇದು ಕಡ್ಡಾಯ. 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ, ಗತಿಯಿಲ್ಲದವರ ಕಳೇಬರವನ್ನು ಸಾಗಿಸಲು ರಾಯಭಾರ ಕಚೇರಿಗಳು ನೆರವು ನೀಡಬಲ್ಲುವು. 2015ರಿಂದ 'ಮದದ್' ಎಂಬ ಅಂತರ್ಜಾಲ ವ್ಯವಸ್ಥೆಯ ಮೂಲಕ ದೂರನ್ನು ದಾಖಲಿಸಬಹುದು. ಕಳೇಬರವನ್ನು ತರಿಸುವುದು ಬೇರೆ, ಮೃತನಿಗೆ ಬರಬೇಕಾದ ಸಂಬಳ ಮತ್ತು ಪರಿಹಾರವನ್ನು ಕೇಳುವುದು ಬೇರೆ. ಒಂದು ಮುಗಿದುದರಿಂದ ಮತ್ತೊಂದು ಮುಗಿದಂತಾಗುವುದಿಲ್ಲ. ದುಃಖದ ಭರದಲ್ಲಿ ಸಹಿಯೊತ್ತುವ ಮನೆಗಳಿಗೆ ಈ ಭೇದವನ್ನು ಯಾರಾದರೂ ಬಿಡಿಸಿ ಹೇಳಬೇಕು.

5. ಮೂರು ಈಚಿನ ನಿದರ್ಶನಗಳು

2010ರ ಮೇ 22ರಂದು ದುಬೈಯಿಂದ ಬಂದ ವಿಮಾನವು ಮಂಗಳೂರಿನಲ್ಲಿ ಅಪಘಾತಕ್ಕೀಡಾಗಿ 158 ಮಂದಿ ಸತ್ತರು. ಅವರು ತಾಯ್ನೆಲವನ್ನು ಮುಟ್ಟಿಯೇ ಸತ್ತಿದ್ದರು. ಆದರೂ 12 ದೇಹಗಳನ್ನು ಗುರುತಿಸಲಾಗದೆ ಕೂಳೂರು-ತಣ್ಣೀರುಬಾವಿಯ ಬಳಿ ಒಟ್ಟಿಗೆ ಮಣ್ಣುಮಾಡಬೇಕಾಯಿತು. ದೇಹವು ಊರನ್ನು ತಲುಪಿದರೆ ಸಾಲದು, ಹೆಸರಿನೊಡನೆ ತಲುಪಬೇಕು.

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬನು ದಾಳಿಗೆ ಬಲಿಯಾದನು. ಯುದ್ಧಭೂಮಿಯಿಂದ ಕಳೇಬರವು ಬೆಂಗಳೂರಿಗೆ ಬಂದುದು ಮಾರ್ಚ್ 21ರಂದು. ತಂದೆತಾಯಿಗಳು ಊರಿನಲ್ಲಿ ವಿಧಿಗಳನ್ನು ನೆರವೇರಿಸಿ, ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನಮಾಡಿದರು. ಮಗನು ಯಾವ ವಿದ್ಯೆಗಾಗಿ ಹೋಗಿದ್ದನೋ ಆ ವಿದ್ಯೆಗೇ ಅವನ ದೇಹವನ್ನು ಒಪ್ಪಿಸುವ ಈ ನಿರ್ಧಾರವು ಮನೆಯವರ ಹಕ್ಕಿನ ಅತ್ಯುನ್ನತ ಪ್ರಯೋಗವೆನ್ನಬಹುದು. ದೇಹವು ಅವರ ಕೈಸೇರಿದುದರಿಂದಲೇ ಅದನ್ನು ಕೊಡಲು ಅವರಿಗೆ ಸಾಧ್ಯವಾಯಿತು.

2024ರ ಜೂನ್ 12ರಂದು ಕುವೈತಿನ ಮಂಗಾಫಿನಲ್ಲಿ ಕೆಲಸಗಾರರ ವಸತಿಗೃಹಕ್ಕೆ ಬೆಂಕಿ ಬಿದ್ದಿತು. ಎರಡೇ ದಿನಗಳಲ್ಲಿ, ಜೂನ್ 14ರಂದು, ವಾಯುಪಡೆಯ ವಿಮಾನವು 45 ಭಾರತೀಯರ ಕಳೇಬರಗಳನ್ನು ಕೊಚ್ಚಿಗೆ ತಂದಿತು. ಅವರಲ್ಲಿ ಒಬ್ಬನು ಕಲಬುರಗಿ ಜಿಲ್ಲೆಯವನು. ಸರ್ಕಾರವು ಮನಸ್ಸು ಮಾಡಿದರೆ ಎಷ್ಟು ಶೀಘ್ರವಾಗಿ ಕಾರ್ಯ ನಡೆಯಬಲ್ಲುದೆಂಬುದಕ್ಕೆ ಇದು ಸಾಕ್ಷಿ. ಆದರೆ ಒಬ್ಬಂಟಿಯಾಗಿ, ಹೃದಯ ನಿಂತು ಸತ್ತ ಕೂಲಿಗಾರನಿಗೆ ವಾಯುಪಡೆಯ ವಿಮಾನವೂ ಇಲ್ಲ, ಎದುರುಗೊಳ್ಳಲು ಮಂತ್ರಿಯೂ ಇಲ್ಲ. ಅವನಿಗಿರುವುದು ಕಾಗದಗಳ ದಾರಿಯೊಂದೇ. ಆ ದಾರಿಯ ಪ್ರತಿಯೊಂದು ಮೆಟ್ಟಿಲೂ ಸುಗಮವಾಗಿರಬೇಕಾದುದು ಅವನಂಥವರಿಗಾಗಿಯೇ.

6. ಉಪಸಂಹಾರ

ಮೇಲಿನ ಸಮೀಕ್ಷೆಯಿಂದ ಒಂದು ಅಂಶವು ಸ್ಪಷ್ಟವಾಗುತ್ತದೆ. ಕಳೇಬರದ ಮೇಲಣ ಹಕ್ಕು ಗೆದ್ದವನಿಂದ ಪದವಿಯುಳ್ಳವನಿಗೂ, ಅಲ್ಲಿಂದ ಸಾಮಾನ್ಯ ಮನೆಯವರಿಗೂ ಇಳಿದುಬಂದಿದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಮನೆಯವರು ಆ ಹಕ್ಕನ್ನು ಚಲಾಯಿಸಬೇಕಾದುದು ತಮ್ಮದಲ್ಲದ ಭಾಷೆಯಲ್ಲಿ. ಮರಣಪತ್ರವು ಅರಬ್ಬಿಯಲ್ಲಿ, ಅರ್ಜಿಯು ಇಂಗ್ಲಿಷಿನಲ್ಲಿ. ದುಃಖವು ಮಾತ್ರ ಕನ್ನಡದಲ್ಲಿ. ತಾಲ್ಲೂಕು ಕಚೇರಿಗಳಲ್ಲಿಯೂ ಗ್ರಾಮ ಪಂಚಾಯತಿಗಳಲ್ಲಿಯೂ ಈ ಕ್ರಮವನ್ನು ಕನ್ನಡದಲ್ಲಿ ಒಂದು ಹಾಳೆಯಷ್ಟು ಬರೆದು ಇರಿಸುವುದು ಕಷ್ಟವಲ್ಲ. ಹೊರನಾಡಿಗೆ ಹೋಗುವವನು ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರು, ವಿಮೆ ಇವುಗಳ ಪ್ರತಿಗಳನ್ನು ಮನೆಯಲ್ಲಿ ಬಿಟ್ಟುಹೋಗುವುದು ಅಪಶಕುನವಲ್ಲ, ವಿವೇಕ.

ಇತಿಹಾಸದ ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಕರ್ತವ್ಯವುಂಟು. ಹೊಲದ ಬದುವಿನಲ್ಲಿ ಬಿದ್ದ ವೀರಗಲ್ಲನ್ನು ಎತ್ತಿ ನಿಲ್ಲಿಸಿ, ಅಚ್ಚು ತೆಗೆದು, ಓದುವುದನ್ನು ನಮ್ಮ ಹಿರಿಯರು ನಮಗೆ ಕಲಿಸಿದರು. ಒಪ್ಪಿಗೆಪತ್ರ, ನಿರಾಕ್ಷೇಪಣಾ ಪತ್ರ, ರದ್ದಾದ ಪಾಸ್‌ಪೋರ್ಟ್, ಸರಕಿನ ರಸೀತಿ ಇವು ನಮ್ಮ ಕಾಲದ ದುಡಿಮೆಗಾರರ ವೀರಗಲ್ಲುಗಳು. ಇಂಥವನು ಇಂಥ ಊರಿನವನು, ಇಂಥಲ್ಲಿ ಇಂಥ ಕಾರಣದಿಂದ ಸತ್ತನು ಎಂಬುದನ್ನು ಅವು ಕಲ್ಲಿನಷ್ಟೇ ಖಚಿತವಾಗಿ ಹೇಳುತ್ತವೆ. ಆದರೆ ಕಲ್ಲಿನಷ್ಟು ಬಾಳುವುದಿಲ್ಲ. ಮನೆಯವರ ಸಮ್ಮತಿಯನ್ನು ಪಡೆದು, ಹೆಸರುಗಳನ್ನು ಗುಪ್ತವಾಗಿರಿಸಿ, ಸಂಡೂರು, ಹೊಸಪೇಟೆ, ಕಂಪ್ಲಿ ತಾಲ್ಲೂಕುಗಳ ಇಂಥ ಕಾಗದಗಳ ಪ್ರತಿಗಳನ್ನು ಸಂಗ್ರಹಿಸುವ ಕಾರ್ಯವನ್ನು ಇತಿಹಾಸ ವಿಭಾಗಗಳು ಕೈಗೊಳ್ಳುವುದು ಉಚಿತ. ದಂಡನಾಯಕರ ಮರಣವನ್ನು ದಾಖಲಿಸಿದ ನಾಡಿನ ಚರಿತ್ರೆಯಲ್ಲಿ ಗಣಿಯ ಊರಿನ ಕೂಲಿಗಾರನ ಕೊನೆಯ ಪ್ರಯಾಣಕ್ಕೂ ಸ್ಥಾನವು ದೊರೆಯಬೇಕು.